ಅತ್ತೆಯ ಅಂಗಾಲು

ಮದುವೆಯಾಗಿ ನಾನು ನಾಗಪುರಕ್ಕೆ ಬಂದದ್ದು ಐವತ್ತರ ದಶಕದಲ್ಲಿ. ನನ್ನ ಗಂಡ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಗುಮಾಸ್ತ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಯದು ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಹಿಂದಿ, ಮರಾಠಿ ಒಂದಕ್ಷರ ಬರದಿದ್ದರೂ ತರಕಾರಿಯವನ ಜೊತೆ ಕನ್ನಡದಲ್ಲೇ ಜಗಳ ತೆಗೆದು ಗೆದ್ದು ಬರುತ್ತಿದ್ದರು. ಹಲವು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಜೀವನದಲ್ಲಿ ಒಮ್ಮೆಯೂ ಚಪ್ಪಲಿ ಮೆಟ್ಟಿದವರಲ್ಲ.

ನಾನು ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ಹಿತ್ತಲಿನ ಹಾಸುಗಲ್ಲಿನ ಮೇಲೆ ಸಂಡಿಗೆ ಇಡಲು ಕೂತರು. ಕಾದ ಕಲ್ಲಿಗೆ ಕಾಲಿಡಲು ಹೋದ ನಾನು ಕುಣಿದುಕೊಂಡು ಒಳಗೆ ಓಡಿಬಂದೆ. ಅವರು ಮಾತ್ರ ಬಿಸಿಲಲ್ಲಿ ಆ ತುದಿಯಿಂದ ಈ ತುದಿಗೆ ಆರಾಮಾಗಿ ನಡೆದಾಡಿದರು. "ಈಗಿನ ಹುಡುಗ್ಯಾರ ಕಾಲು ಬೆಣ್ಣಿ ಕಾಲು," ಎಂದು ನಕ್ಕರು. ನನಗೂ ಅವರ ಗಟ್ಟಿತನ ಕಂಡು ಹೆಮ್ಮೆಯೇ ಆಯಿತು.

ಮರುದಿನ ಸಂಜೆ ಅಡುಗೆಮನೆ ಒರೆಸುತ್ತಿದ್ದಾಗ ನೆಲದ ಮೇಲೆ ಒದ್ದೆ ಹೆಜ್ಜೆಗಳು ಕಂಡವು. ಒರೆಸಿದೆ. ಅತ್ತೆ ಓಡಾಡಿದ ಮೇಲೆ ಮತ್ತೆ ಮೂಡಿದವು. ಬಲಗಾಲಿನವು ಮಾತ್ರ! ಅವರನ್ನು ಕೂಡಿಸಿ ಕಾಲೆತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಒಂದು ದೊಡ್ಡ ಬೊಬ್ಬೆ ಒಡೆದು ಕೆಂಪು ಮಾಂಸ ಕಾಣುತ್ತಿತ್ತು.

"ಅತ್ತೀ, ನೋವಾಗೂದಿಲ್ಲೇನ್ರಿ?"

"ಎಲ್ಲೀದು ನೋವು? ಕುದಿಯೂ ನೀರಾಗ ಉಪ್ಪು ಹಾಕಿ ಕಾಲಿಟ್ರ ಬರೋಬರ್ ಆಗತೈತಿ."

ನೀರು ಕಾಯಿಸುವ ಮೊದಲೇ ಗಂಡ ಆಫೀಸಿನಿಂದ ಬಂದದ್ದು ನಮ್ಮ ಪುಣ್ಯ. ಟಾಂಗಾ ಮಾಡಿಕೊಂಡು ಸದರ್ ಬಡಾವಣೆಯಲ್ಲಿದ್ದ ಡಾಕ್ಟರಮ್ಮನ ಬಳಿಗೆ ಹೋದೆವು. ಅವರು ನರೆಗೂದಲಿನ, ಚುರುಕು ಕೈಯ ಹೆಂಗಸು. ಹತ್ತಿಯ ಎಳೆಯೊಂದನ್ನು ಅತ್ತೆಯ ಅಂಗಾಲಿಗೆ ಮುಟ್ಟಿಸಿ, ತಿಳಿಯಿತೇ ಎಂದು ಹಿಂದಿಯಲ್ಲಿ ಕೇಳಿದರು. ಶಾಲೆಯಲ್ಲಿ ಹಿಂದಿ ಕಲಿತಿದ್ದ ನಾನು ಕನ್ನಡಕ್ಕೆ ತಿರುಗಿಸಿದೆ. "ಇನ್ನೂ ಮುಟ್ಟಿಸೇ ಇಲ್ಲಲ್ಲ!" ಎಂದರು ಅತ್ತೆ.

ಡಾಕ್ಟರಮ್ಮ ನಗಲಿಲ್ಲ. ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಕಾಲಿನ ನರಗಳು ಮಂಕಾಗುತ್ತವೆ, ರಕ್ತವೂ ಸರಿಯಾಗಿ ಹರಿಯುವುದಿಲ್ಲ ಎಂದರು. ಸುಟ್ಟರೂ ಚುಚ್ಚಿದರೂ ತಿಳಿಯದು, ಆದ ಗಾಯ ಬೇಗ ಮಾಯದು, ಕೀವಾದರೆ ಕಾಲನ್ನೇ ತೆಗೆಯಬೇಕಾದೀತು. ಆ ಕೊನೆಯ ಮಾತನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಟಾಂಗಾದಲ್ಲಿ ಮನೆ ಮುಟ್ಟುವವರೆಗೆ ನನ್ನ ಕೈ ಬಿಡಲಿಲ್ಲ.

ಗಾಯದ ಮೇಲೆ ಭಾರ ಬೀಳಕೂಡದೆಂದು ಆರು ವಾರ ಮಂಚ. ಬಾಯಿ ಮಾತ್ರ ಮಂಚ ಹಿಡಿಯಲಿಲ್ಲ. ಅಲ್ಲಿಂದಲೇ ಒಗ್ಗರಣೆ ಸೀದದ್ದನ್ನು ಸಾರುತ್ತಿದ್ದರು. ಇಂಜೆಕ್ಷನ್, ಪಥ್ಯ, ದಿನಾ ಪಟ್ಟಿ. ಮಳೆ ಹಿಡಿದ ಮೇಲೆ ಗಾಯ ಮುಚ್ಚಿತು. ಇನ್ನು ದಿನಕ್ಕೊಮ್ಮೆ ಮುಖ ನೋಡಿಕೊಳ್ಳುವಂತೆ ಕಾಲನ್ನೂ ನೋಡಿಕೊಳ್ಳಬೇಕೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಅತ್ತೆಗೆ ಬಗ್ಗಲು ಬಾರದು. ಗಂಡನ ಕ್ಷೌರದ ಕನ್ನಡಿಯನ್ನು ನೆಲದ ಮೇಲಿಟ್ಟೆ, ಅವರು ಕುರ್ಚಿಯಲ್ಲಿ ಕೂತು ಅದರ ಮೇಲೆ ಕಾಲು ಹಿಡಿದು, "ಅಯ್ಯ, ಅರವತ್ತು ವರ್ಷದಾಗ ಇದರ ಮಾರಿ ಇವತ್ತ ನೋಡಿದೆ!" ಎಂದರು.

ಚಪ್ಪಲಿಯದೇ ದೊಡ್ಡ ರಗಳೆ. ತೊಗಲು ಮೆಟ್ಟಿಕೊಂಡು ದೇವರ ಮುಂದೆ ಓಡಾಡುವುದೆಂದರೆ ಅವರಿಗೆ ಆಗದು. ಕೊನೆಗೆ ನಾನು ಹಳೆಯ ಕಂಬಳಿಯನ್ನು ಮೂರು ಪದರ ಮಾಡಿ, ಅಡಿಭಾಗಕ್ಕೆ ದಪ್ಪ ಕ್ಯಾನ್ವಾಸ್ ಹೊಲಿದು, ಬೆರಳು ಮುಚ್ಚುವಂಥ ಮೆತ್ತನೆಯ ಜೋಡು ಮಾಡಿಕೊಟ್ಟೆ. ಹೊರಗೆ ಮೆಟ್ಟಲು ಮೋಚಿ ಕಾಗದದ ಮೇಲೆ ಅಳತೆ ಬರೆದುಕೊಂಡು ಅಗಲವಾದ ಚಪ್ಪಲಿ ಹೊಲಿದುಕೊಟ್ಟ. ಮೊದಲ ದಿನ ಅತ್ತೆ ಅಂಗಳದಲ್ಲಿ ಬಾತುಕೋಳಿಯಂತೆ ನಡೆದು, ತಾವೇ ನಕ್ಕು ನಕ್ಕು ಕಂಬ ಹಿಡಿದುಕೊಂಡರು.

ಮರುವರ್ಷ ಚೈತ್ರದ ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯ ಮರಾಠಿ ಅಜ್ಜಿ ಬಂದಿದ್ದರು. ಸಕ್ಕರೆ ಕಾಯಿಲೆಯೆಂದು ಪಾನಕ ಬೇಡವೆಂದರು. ಅಷ್ಟೇ ಸಾಕಾಯಿತು ಅತ್ತೆಗೆ.

"ಕಾಲು ತೋರಸ್ರಿ."

ನಾನು ಅದನ್ನು ಆ ವರ್ಷದಲ್ಲಿ ಕಲಿತ ಮರಾಠಿಯಲ್ಲಿ ಮೃದು ಮಾಡಿ ಹೇಳುವಷ್ಟರಲ್ಲಿ ಅತ್ತೆ ಆಕೆಯ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡಿದ್ದರು. ಸೇರಿದ ಹೆಂಗಸರೆಲ್ಲ ಬೆರಗಾಗಿ ನೋಡುತ್ತಿದ್ದರು. ಹಿಮ್ಮಡಿಯ ಬಿರುಕಿನಲ್ಲಿ ಬಳೆಚೂರೊಂದು ಹೂತಿತ್ತು, ಸುತ್ತ ಕೆಂಪೇರಿತ್ತು. ಅಜ್ಜಿಗೆ ಗೊತ್ತೇ ಇರಲಿಲ್ಲ.

"ನಾ ಕೀಳಾಂಗಿಲ್ಲ. ಡಾಕ್ಟರ್ ಕಡೆ ಜಲ್ದಿ ನಡೀರಿ," ಎಂದು ಅತ್ತೆಯೇ ಸೆರಗು ಬಿಗಿದು ಹೊರಟರು. ಡಾಕ್ಟರಮ್ಮ ಚೂರು ತೆಗೆದು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅದನ್ನು ಮೂರು ಸಲ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದರು ಅತ್ತೆ.

ಅಜ್ಜಿಯ ಗಾಯ ಹದಿನೈದು ದಿನಕ್ಕೇ ವಾಸಿಯಾಯಿತು. ಆಮೇಲೆ ದಿನಾ ಬೆಳಿಗ್ಗೆ ನಮ್ಮ ವರಾಂಡದಲ್ಲಿ ಇಬ್ಬರೂ ಎದುರುಬದುರು ಕೂತು, ಒಬ್ಬರ ಕಾಲನ್ನು ಒಬ್ಬರು ನೋಡುತ್ತಿದ್ದರು. ಈಕೆ ಕನ್ನಡದಲ್ಲಿ ಗದರುವುದು, ಆಕೆ ಮರಾಠಿಯಲ್ಲಿ ಒಪ್ಪುವುದು. ಬೆರಳ ಸಂದಿಯಲ್ಲಿ ಪಸೆ ಉಳಿದಿದ್ದರೆ ಅತ್ತೆ ತಮ್ಮ ಸೆರಗಿನಿಂದಲೇ ಒರೆಸುತ್ತಿದ್ದರು. ಆಕೆ ಕಚಗುಳಿಯಾಗಿ ಕಿಲಕಿಲ ನಕ್ಕರೆ ಅತ್ತೆಗೆ ಸಂತೋಷವೋ ಸಂತೋಷ: "ನೋಡಿದಿ? ಈ ಕಾಲಿಗಿ ಇನ್ನೂ ಖಬರು ಐತಿ!"