ಮಾಲೂರಿನ ರೈಲಿಗೆ ಗೊತ್ತಿರುವ ಸುದ್ದಿ

ಮನೆ ನೋಡಲು ಮಾಲೂರಿಗೆ ಬಂದ ದಿನ ಓನರ್ ರತ್ನಮ್ಮ ನನ್ನೆದುರೇ ಗಂಡನ ಜೊತೆ ತೆಲುಗಿನಲ್ಲಿ ಐದು ನಿಮಿಷ ಚರ್ಚಿಸಿ, ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು: "ಆ ರೋಗದ ಹುಳ ಏನಾದ್ರೂ ಮನೆಗೆ ತರ್ತೀಯೇನಮ್ಮಾ?" ಕ್ಷಯರೋಗದ ಬಗ್ಗೆ ಓದುತ್ತಿದ್ದೇನೆ ಎಂದು ಬಾಯಿಬಿಟ್ಟದ್ದು ನನ್ನದೇ ತಪ್ಪು. ನಾನು ಬಾಗಲಕೋಟೆಯವಳು. ಇಲ್ಲಿಗೆ ಹೊರಟಾಗ ಭಾಷೆಯ ಚಿಂತೆ ಇರಲಿಲ್ಲ, ಇದೂ ಕರ್ನಾಟಕವೇ ತಾನೇ ಅಂದುಕೊಂಡಿದ್ದೆ. ಆ ಬಾಗಿಲಲ್ಲಿ ನಿಂತಾಗ ಮಾತ್ರ ಪರದೇಶಕ್ಕೆ ಬಂದಂತಾಯಿತು.

ನನ್ನ ಪಿಎಚ್‌ಡಿ ಬೆಂಗಳೂರಿನಲ್ಲಿ. ಐದು ವರ್ಷ ದಾಟಿದವರಿಗೆ ಹಾಸ್ಟೆಲ್ ಇಲ್ಲ, ಅಲ್ಲಿನ ಬಾಡಿಗೆ ಕೈಗೆಟುಕುವುದಿಲ್ಲ. ಹಾಗಾಗಿ ರೈಲಿರುವ ಮಾಲೂರು. ರತ್ನಮ್ಮ ಕೊನೆಗೂ ಮನೆ ಕೊಟ್ಟರು, ಮೊದಲ ಭಾನುವಾರ ಮುದ್ದೆಯನ್ನೂ ಕೊಟ್ಟರು. ನಮ್ಮ ಕಡೆ ರೊಟ್ಟಿ ಅಗಿದಷ್ಟೂ ರುಚಿ. ನಾನು ಮುದ್ದೆಯನ್ನೂ ಹಾಗೇ ಅಗಿಯುತ್ತ ಕೂತದ್ದು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಹಲವರು ಅದನ್ನು ಸಂಗಟಿ ಎನ್ನುತ್ತಾರೆ, ತೆಲುಗಿನ ಹೆಸರು. ಸಾರಿನಲ್ಲಿ ಹೊರಳಿಸಿ ನುಂಗಬೇಕು. ನುಂಗಲು ಕಲಿತ ದಿನ ಅವ್ವನಿಗೆ ಫೋನ್ ಮಾಡಿ ಹೇಳಿಕೊಂಡೆ. ಹೇಳಿಕೊಳ್ಳಲು ಬೇರೆ ಸಾಧನೆ ಇರಲಿಲ್ಲ.

ಕ್ಷಯದ ರೋಗಾಣುವಿನೊಳಗಿನ ಒಂದು ಪ್ರೋಟೀನಿನ ಆಕಾರ ಕಂಡುಹಿಡಿಯುವುದು ನನ್ನ ಕೆಲಸ. ಮೊದಲು ಆ ಪ್ರೋಟೀನು ಹರಳುಗಟ್ಟಬೇಕು, ಆಮೇಲೆ ಹರಳಿಗೆ ಎಕ್ಸ್‌ರೇ ಹಾಯಿಸಬೇಕು. ನನ್ನದು ಹರಳುಗಟ್ಟುತ್ತಲೇ ಇರಲಿಲ್ಲ. ಈ ತಿಂಗಳೊಳಗೆ ಆಗದಿದ್ದರೆ ಇದನ್ನು ಬಿಟ್ಟು ಬೇರೆ ಪ್ರೋಟೀನು ಹಿಡಿ ಎಂದು ಗೈಡ್ ಹೇಳಿಬಿಟ್ಟಿದ್ದರು. ಬೇರೆ ಹಿಡಿಯುವುದೆಂದರೆ ಮತ್ತೆ ಅ ಆ ಇ ಈ. ಬೆಳಗಿನ ರೈಲಿನಲ್ಲಿ ನನ್ನ ಬಾಡಿದ ಮುಖ ನೋಡಿಯೇ ಮಂಜುಳಕ್ಕ ಮಾತಾಡಿಸಿದ್ದು. ಅವರು ವೈಟ್‌ಫೀಲ್ಡ್ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಕೆಲವೇ ದಿನಗಳಲ್ಲಿ ಹೆಂಗಸರ ಬೋಗಿಗೆಲ್ಲ ನನ್ನ ಹರಳಿನ ಕಥೆ ಗೊತ್ತಾಯಿತು. ಸೊಪ್ಪು ಸೋಸುತ್ತ ಕೂತವರೂ ಬಂತಾ ಎಂದು ವಿಚಾರಿಸತೊಡಗಿದರು.

ಒಂದು ಸೋಮವಾರ ಬಂತು. ದ್ರಾವಣದ ಹನಿಯೊಳಗೆ ನಾಲ್ಕು ಹರಳು, ಅಂಚು ತಿದ್ದಿದಂತೆ. ಒಡನೆ ಅವ್ವನಿಗೆ ಹೇಳಿದೆ, ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು. ಗೈಡ್ ಮಾತ್ರ, ಒಂದನ್ನು ಸೂಜಿಯಿಂದ ಒತ್ತಿ ನೋಡು ಎಂದರು. ಪ್ರೋಟೀನಿನದಾದರೆ ಮೆತ್ತಗೆ ಪುಡಿಯಾಗುತ್ತದೆ, ದ್ರಾವಣದ ಉಪ್ಪಾದರೆ ಟಕ್ಕೆಂದು ಒಡೆಯುತ್ತದೆ. ತೆಳ್ಳಗಿನ ಸೂಜಿ ಹುಡುಕುವ ನೆಪದಲ್ಲಿ ನಾಲ್ಕು ದಿನ ತಳ್ಳಿದೆ. ಶುಕ್ರವಾರ ಒತ್ತಿದೆ. ಟಕ್ಕೆಂದಿತು.

ಸಂಜೆ ವೈಟ್‌ಫೀಲ್ಡಿನಲ್ಲಿ ರೈಲು ಹತ್ತಿದ ಮಂಜುಳಕ್ಕನಿಗೆ ನೇರವಾಗಿ ಹೇಳಿದೆ, ಬರೀ ಉಪ್ಪು ಅಂತ. ಅವರು ಬ್ಯಾಗು ಮಡಿಲಿಗೆ ಎಳೆದುಕೊಂಡು ನನ್ನ ಪಕ್ಕ ಕೂತರು.

"ಹೋಗ್ಲಿ ಬಿಡಮ್ಮಾ. ನಾಳೆ ಬರ್ತೀಯ ತಾನೇ? ಸೀಟು ಹಿಡ್ದಿರ್ತೀನಿ."

ನಾನು ಮಾಲೂರಿನವರೆಗೂ ಅತ್ತೆ. ಮನೆ ಮುಟ್ಟುವಷ್ಟರಲ್ಲಿ ಅವ್ವನ ಫೋನ್.

"ಹರಳು ಹೆಂಗದಾವ ಮಗಳ?"

"ಚಲೋ ಅದಾವ ಯವ್ವಾ."

ಬೇರೆ ಪ್ರೋಟೀನು ಹಿಡಿದು ಈಗ ಎರಡು ತಿಂಗಳು. ಇದೂ ಕೈಕೊಟ್ಟರೆ ಎಂಬ ಭಯ ದಿನಾ ನನ್ನ ಜೊತೆಗೇ ರೈಲು ಹತ್ತುತ್ತದೆ. ಅವ್ವ ಇನ್ನೂ ಆ ಹಳೆಯ ಹರಳುಗಳ ಕ್ಷೇಮ ಕೇಳುತ್ತಾಳೆ, ನಾನು ಇನ್ನೂ ಚಲೋ ಎನ್ನುತ್ತೇನೆ. ಪರಿಚಯವಾಗಿ ವರ್ಷ ತುಂಬದವರಿಗೆ ನಿಜ ಹೇಳುತ್ತೇನೆ, ಊರಿಗೆ ಸುಳ್ಳು ಹೇಳುತ್ತೇನೆ. ನಿನ್ನೂರು ಯಾವುದು ಎಂದು ಯಾರಾದರೂ ಕೇಳಿದರೆ ಮೊದಲಿನ ಹಾಗೆ ತಟ್ಟನೆ ಉತ್ತರ ಬರುವುದಿಲ್ಲ.

ಅವ್ವನಿಗೆ ಓದಲು ಬಾರದು. ಇದು ಅಚ್ಚಾಗುವುದು ನಮ್ಮ ಕಡೆಯ ಪತ್ರಿಕೆಯಲ್ಲಿ, ಅದನ್ನು ಅವಳಿಗೆ ಓದಿ ಹೇಳುವವನು ನನ್ನ ತಮ್ಮ. ತಮ್ಮಾ, ಅರ್ಧಕ್ಕೆ ನಿಲ್ಲಿಸಬೇಡ. ಎಲ್ಲವನ್ನೂ ಓದು. ಅವ್ವ ಏನೂ ಅನ್ನದೆ ಕೂತರೆ, ನನಗೆ ಫೋನ್ ಹಚ್ಚಿ ಅವಳ ಕೈಗೆ ಕೊಡು.