ಇಲಿವಾರದ ಕಡುಬು

ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ಜೊತೆ ಕೆಲಸ ಎಂದರೆ ಊರವರು ನಗುತ್ತಿದ್ದರು. "ಇಷ್ಟ ಓದಿ ಇಲಿ ಕಾಯಾಕ ಹೋದಿಯೇನ?" ನಗಲಿ, ನನಗೇನು! ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಒಂದು ಗುಂಪಿನ ಇಲಿಗಳಿಗೆ ನಾರು ತುಂಬಿದ ಮೇವು, ಇನ್ನೊಂದಕ್ಕೆ ಬರೀ ಕೊಬ್ಬು, ಸಕ್ಕರೆ. ಅದರಿಂದ ಕರುಳಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆ ಎಂದು ನೋಡುತ್ತಿದ್ದೆವು. ಕೊನೆಗೆ ಇಲಿಗಳನ್ನು ಕೊಂದು, ಕರುಳು ಕತ್ತರಿಸಿಯೇ ನೋಡಬೇಕು.

ಆ ವರ್ಷ ಬೆಳಗಾವಿ ಕಡೆಯಿಂದ ಅವ್ವ ವೆಂಬ್ಲಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ನಮ್ಮದು ನೇಕಾರರ ಮನೆತನ. ಗಣೇಶ ಚೌತಿಯ ಮರುದಿನ ನಮಗೆ ಇಲಿವಾರ. ಅಂದು ಮಗ್ಗ ನಿಲ್ಲುತ್ತದೆ, ಕತ್ತರಿ ಮುಟ್ಟುವಂತಿಲ್ಲ. ನೂಲು ಕಡಿಯಬೇಡಪ್ಪ ಎಂದು ಮಗ್ಗದ ಪಕ್ಕ ಇಲಿಗೆ ಕಡುಬು ಇಡುತ್ತೇವೆ. ಕರುಳು ತೆಗೆಯುವ ಕೆಲಸ ಸರಿಯಾಗಿ ಅದೇ ದಿನಕ್ಕೆ ಬಿದ್ದಿತ್ತು.

"ಅವತ್ತೊಂದಿನ ಬ್ಯಾಡವಾ," ಎಂದಳು ಅವ್ವ. "ಅವುಗೋಳ ಹಬ್ಬದ ದಿನಾನ ಅವನ್ನ ಕೊಯ್ತಾರೇನ?"

ಒಂದು ದಿನ ಮುಂದೂಡಬಹುದೇ ಎಂದು ಪ್ರೊಫೆಸರರನ್ನು ಕೇಳಿದೆ. ಯಾಕೆ ಎಂದರು. ಇಲಿವಾರವನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಮನೆಯಲ್ಲಿ ಹಬ್ಬ ಎಂದಷ್ಟೇ ಅಂದೆ. ದಿನ ಬದಲಾಗಲಿಲ್ಲ.

"ಹಂಗಾದ್ರ ಇದನ್ನರ ಹಾಕು," ಎಂದು ಆ ಬೆಳಗ್ಗೆ ಅವ್ವ ಕಡುಬಿನ ಡಬ್ಬಿ ಕೈಗಿತ್ತಳು. ನಮ್ಮ ದೇಶದವರ ಅಂಗಡಿಗಳಿರುವ ಈಲಿಂಗ್ ರೋಡಿನಲ್ಲಿ ಬೆಲ್ಲ ಹುಡುಕಿ ತಂದು ಮಾಡಿದ್ದಳು. "ಉಪಾಸ ಕಳಸಬ್ಯಾಡ."

ಒಂದು ಚೂರು ಹಾಕಿದ್ದರೂ ತಿಂಗಳುಗಟ್ಟಲೆಯ ಪ್ರಯೋಗ ಹಾಳಾಗುತ್ತಿತ್ತು. ಕೊಲ್ಲುವ ಮೊದಲು ಕೆಲವು ಗಂಟೆ ಏನೂ ಕೊಡಬಾರದು ಎಂದು ಅವುಗಳ ಮೇವನ್ನೂ ಆಗಲೇ ತೆಗೆದಿಟ್ಟಿದ್ದರು. ಡಬ್ಬಿ ಬ್ಯಾಗಿನಲ್ಲೇ ಉಳಿಯಿತು. ಪಂಜರ ತೆರೆದಾಗ ಮೇವು ಬಂತೆಂದು ಅವು ಮೂಗೆತ್ತಿಕೊಂಡು ನನ್ನ ಕೈ ಹತ್ತಿರ ಬಂದವು. ಅಯ್ಯೋ, ಆ ಪುಟ್ಟ ಮೂಗುಗಳು! ಅವು ಸತ್ತ ಮೇಲೆ ಕತ್ತರಿ ಹಿಡಿದೆ. ನಾರು ತಿಂದವುಗಳ ಕರುಳಿನ ಚೀಲ ದುಂಡಗೆ ತುಂಬಿತ್ತು, ಸಕ್ಕರೆ ತಿಂದವುಗಳದು ಮುದುಡಿತ್ತು. ನಾವು ಊಹಿಸಿದ ಹಾಗೆಯೇ ಆಗಿತ್ತು. ಎಲ್ಲರಿಗೂ ಖುಷಿ.

ಸಂಜೆ ಅವ್ವ ಬ್ಯಾಗಿನಿಂದ ಡಬ್ಬಿ ತೆಗೆದು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಸದಿದ್ದುವೇನ?"

"ಹೂಂ ಅವ್ವಾ."

ಆಕೆ ಕಡುಬು ಬಿಸಿ ಮಾಡಿ, ಮೇಲೆ ತುಪ್ಪ ಹಾಕಿ ನನ್ನ ಮುಂದಿಟ್ಟಳು. "ಅವುಗೋಳ ಪಾಲಿಂದು. ಇನ್ನ ನೀನ ತಿನ್ನು."

ನಾನು ತಿಂದು ಮುಗಿಸುವವರೆಗೂ ಅವ್ವ ಎದುರಿನಿಂದ ಏಳಲಿಲ್ಲ.