ಹೆರಿಗೆ ಕೋಣೆಗೆ ಮೊದಲ ಸರದಿ

ಬೆಳಿಗ್ಗೆ ಐದೂಕಾಲು. ಎದುರಿನ ಬೇಕರಿಯಲ್ಲಿ ಪಾಂದೆಸಾಲ್ ಬನ್ನಿನ ಮೊದಲ ತಟ್ಟೆ ಇನ್ನೂ ಒಲೆಯಿಂದ ಇಳಿದಿಲ್ಲ. ಲೀಜಾ ಸುಮಗಾಯ್ಸಾಯ್ ಆಗಲೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದಾರೆ. ಕೈಯಲ್ಲೊಂದು ನೋಟ್‌ಬುಕ್, ಕಾಲಲ್ಲಿ ಸದ್ದು ಮಾಡದ ರಬ್ಬರ್ ಚಪ್ಪಲಿ. ಹೆಂಗಸರ ವಾರ್ಡಿನ ಕಂಪ್ಯೂಟರಿನಲ್ಲಿ ರಾತ್ರಿ ಪಾಳಿಯ ನರ್ಸ್ ತೆರೆದಿಟ್ಟು ಮರೆತ ಫೈಲು ಕಂಡು ಗದರುತ್ತಾರೆ.

"ಇಂದಾಯ್, ಇದನ್ನ ಯಾರಿಗೆ ಅಂತ ತೆರೆದಿಟ್ಟಿದ್ದೀಯೇ? ದೆವ್ವ ಬಂದು ಓದುತ್ತಾ?"

"ಬಂದ್ರಪ್ಪಾ ನಾಂಗ್ ಇಪ್ಪತ್ತು!" ನರ್ಸ್ ನಗುತ್ತಾಳೆ. "ಮುಚ್ತೀನಿ, ಬೈಬೇಡಿ. ಮೊದ್ಲು ಕಾಫಿ ಕುಡೀರಿ."

"ಕಾಫಿ ಎಲ್ಲಿಗೂ ಓಡಿಹೋಗಲ್ಲ. ನೀನು ಮುಚ್ಚು."

ಇಂದಾಯ್ ಅಂದರೆ ಮಗಳೇ, ನಾಂಗ್ ಅಂದರೆ ಅಕ್ಕ. ಇಪ್ಪತ್ತು ಎಂಬ ಅಡ್ಡಹೆಸರಿನ ಹಿಂದೆ ಮಾತ್ರ ನಗುವಂಥದ್ದೇನೂ ಇಲ್ಲ.

ನಮ್ಮೂರು ಇಲೋಯಿಲೋದ ಈ ಸಣ್ಣ ಸಹಕಾರಿ ಆಸ್ಪತ್ರೆಯ ಹೆಸರು ಬರೆಯಬೇಡಿ ಎಂದು ಲೀಜಾ ನನ್ನನ್ನು ಕೇಳಿಕೊಂಡಿದ್ದಾರೆ. ಇಲ್ಲಿ ಮೂವತ್ತೊಂದು ಕಂಪ್ಯೂಟರುಗಳಿವೆ. ಒಂದೂ ಆಸ್ಪತ್ರೆ ಕೊಂಡದ್ದಲ್ಲ. ನಮ್ಮೂರಿನಲ್ಲಿ ಮನೆಗೊಬ್ಬರು ಹಡಗಿನ ಕೆಲಸದಲ್ಲಿರುತ್ತಾರೆ, ಇಲ್ಲವೇ ಹೊರದೇಶದಲ್ಲಿ ನರ್ಸ್ ಆಗಿರುತ್ತಾರೆ. ಮನೆಗೆ ಸಾಮಾನಿನ ಪೆಟ್ಟಿಗೆ ಕಳಿಸುವಾಗ ಆಸ್ಪತ್ರೆಗೂ ಒಂದು ಕಂಪ್ಯೂಟರ್ ಕಳಿಸುತ್ತಾರೆ. ಪಾದ್ರಿ ಬಂದು ಪವಿತ್ರಜಲ ಚಿಮುಕಿಸುತ್ತಾರೆ, ಕೊಟ್ಟವರ ಹೆಸರಿನ ಫಲಕ ಅಂಟಿಸುತ್ತಾರೆ, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಒಳಗಿರುವುದು ಹೋಮ್ ಎಡಿಷನ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಮನೆಬಳಕೆಯ ಆವೃತ್ತಿ. ಕಚೇರಿಯ ಆವೃತ್ತಿಯಾಗಿದ್ದರೆ ಒಂದೇ ಕಡೆ ಕೂತು ಎಲ್ಲ ಯಂತ್ರಗಳಿಗೂ ಅಪ್ಪಣೆ ಕೊಡಬಹುದು. ಇವು ಹಾಗಲ್ಲ, ಪಾಸ್‌ವರ್ಡ್ ಬದಲಿಸಬೇಕೆಂದರೂ ಒಂದೊಂದರ ಮುಂದೆಯೂ ಹೋಗಿ ಕೂರಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಫೈಲುಗಳೆಲ್ಲ ಇರುವ ಮುಖ್ಯ ಕಂಪ್ಯೂಟರೂ ಹೋಮ್ ಎಡಿಷನ್ನೇ. ಅದು ಒಂದು ಹೊತ್ತಿಗೆ ಇಪ್ಪತ್ತು ಯಂತ್ರಗಳನ್ನಷ್ಟೇ ಒಳಗೆ ಬಿಡುತ್ತದೆ. ಇಪ್ಪತ್ತೊಂದನೆಯದಕ್ಕೆ ಜಾಗವಿಲ್ಲ.

ಐವತ್ತೆರಡರ ಲೀಜಾ ಇಲ್ಲಿ ದಾಖಲೆ ಕೋಣೆಯ ಗುಮಾಸ್ತೆ. ಅದಕ್ಕೂ ಮೊದಲು, ನಾಣ್ಯ ಹಾಕಿ ಆಟ ಆಡುವ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದರು. ಅಲ್ಲಿದ್ದದ್ದು ಎಂಟೇ ಯಂತ್ರ, ಎಂಟೂ ಹೋಮ್ ಎಡಿಷನ್, ಒಂದು ದಿನವೂ ತಕರಾರಿಲ್ಲ. ದಾನದ ಯಂತ್ರಗಳು ಬರತೊಡಗಿದಾಗ ಇವು ಸಾಕಾಗುತ್ತವೆಯೇ ಎಂದು ಆಸ್ಪತ್ರೆಯ ಅಧ್ಯಕ್ಷರಾದ ಡಾಕ್ಟರು ಕೇಳಿದ್ದು ಇವರನ್ನೇ. ಇಡೀ ಕಟ್ಟಡದಲ್ಲಿ ಕಂಪ್ಯೂಟರ್ ಬಲ್ಲವರು ಬೇರೆ ಯಾರಿದ್ದರು?

"ಧಾರಾಳವಾಗಿ ನಡೆಯುತ್ತೆ ಡಾಕ್ಟ್ರೇ ಅಂದ್ಬಿಟ್ಟೆ. ಏನೋ ಮಹಾ ತಿಳಿದೋಳ ಥರ."

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಜೊವೆಲಿನ್ ಎಂಬ ಇಪ್ಪತ್ತಾರರ ಹೆಣ್ಣುಮಗಳಿಗೆ ಹೆರಿಗೆಯ ಬಳಿಕ ರಕ್ತ ನಿಲ್ಲಲಿಲ್ಲ. ಯಾವ ರಕ್ತ ಹೊಂದುತ್ತದೆ ಎಂಬ ವರದಿಯನ್ನು ಲ್ಯಾಬಿನವರು ಮುಖ್ಯ ಕಂಪ್ಯೂಟರಿಗೆ ಹಾಕಿದ್ದರು. ಹೆರಿಗೆ ಕೋಣೆಯ ಯಂತ್ರ ಆ ಹೊತ್ತಿನ ಇಪ್ಪತ್ತೊಂದನೆಯದು. ಫೋಲ್ಡರ್ ತೆರೆಯಲಿಲ್ಲ. ಲ್ಯಾಬಿನ ಫೋನ್ ಎಂಗೇಜು. ವರದಿ ಇನ್ನೂ ಬಂದಿಲ್ಲವೇನೋ ಎಂದುಕೊಂಡು ನರ್ಸ್ ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು. ರಕ್ತ ಒಯ್ಯಲು ಯಾರೂ ಯಾಕೆ ಬರಲಿಲ್ಲವೆಂದು ಲ್ಯಾಬಿನವನೇ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಹದಿನಾಲ್ಕು ನಿಮಿಷ ಕಳೆದಿತ್ತು. ತಾಯಿ ಉಳಿದಳು, ಮಗು ಉಳಿಯಿತು. ಗರ್ಭಕೋಶ ತೆಗೆಯಬೇಕಾಯಿತು.

"ವಿಚಾರಣೇಲಿ 'ನೆಟ್‌ವರ್ಕ್ ತೊಂದರೆ' ಅಂತ ಬರೆದು ಕೈತೊಳ್ಕೊಂಡ್ರು," ಎನ್ನುತ್ತಾರೆ ಲೀಜಾ. "ನೆಟ್‌ವರ್ಕ್‌ಗೆ ಏನೂ ಆಗಿರ್ಲಿಲ್ಲ. ನಡೆಯುತ್ತೆ ಅಂದವಳು ನಾನು."

ಅಂದಿನಿಂದ ಅವರು ಬೆಳಗಿನ ಐದಕ್ಕೆ ಬರುತ್ತಾರೆ. ಆರಕ್ಕೆ ಪಾಳಿ ಬದಲಾಗುವುದರೊಳಗೆ ಮೂವತ್ತೊಂದು ಯಂತ್ರ, ನೂರಾ ಹನ್ನೆರಡು ಮೆಟ್ಟಿಲು. ಎಲ್ಲವನ್ನೂ ಮುಖ್ಯ ಕಂಪ್ಯೂಟರಿನಿಂದ ಬಿಡಿಸಿ, ತಾವೇ ಗೊತ್ತುಮಾಡಿದ ಸರದಿಯಲ್ಲಿ ಮತ್ತೆ ಜೋಡಿಸುತ್ತಾರೆ. ಹೆರಿಗೆ ಕೋಣೆ ಮೊದಲು. ಅಲ್ಲೊಂದು ಫೈಲು ದಿನವಿಡೀ ತೆರೆದೇ ಇರುತ್ತದೆ, ಸರದಿ ಕೈತಪ್ಪದಂತೆ. ಆಮೇಲೆ ಲ್ಯಾಬು, ತುರ್ತು ವಿಭಾಗ. ಕಚೇರಿಯವರು ಕಟ್ಟಕಡೆಗೆ, ಅವರ ಗೊಣಗಾಟವೂ ಇದ್ದದ್ದೇ. ಸಂಜೆಯೊಳಗೆ ಇನ್ನೂ ನಾಲ್ಕು ಸುತ್ತು. ಮೂರು ವರ್ಷದಲ್ಲಿ ರಜೆ ಹಾಕಿದ್ದು ಎರಡೇ ದಿನ, ತಾಯಿ ತೀರಿಕೊಂಡಾಗ. ಆಗಲೂ ಫೋನಿನಲ್ಲಿ ನರ್ಸುಗಳನ್ನು ವಿಚಾರಿಸುತ್ತಿದ್ದರಂತೆ.

ಕಚೇರಿಯ ಆವೃತ್ತಿ ಹಾಕಿಸಿ, ಸರಿಯಾದ ಸರ್ವರ್ ತರಿಸಿ ಎಂದು ಆರು ಸಲ ಅರ್ಜಿ ಕೊಟ್ಟಿದ್ದಾರೆ. ಆರನೆಯದನ್ನು ಕೊಡುವಾಗ ನಾನೂ ಜೊತೆಗಿದ್ದೆ. ಅಧ್ಯಕ್ಷರಾದ ಡಾಕ್ಟರ್ ಪಾಲ್ಮಾರೆಸ್ ಒಳ್ಳೆಯವರೇ, ಬಡವರ ಕಣ್ಣಲ್ಲಿ ದೇವರಂಥವರು. ಆದರೆ ನೋಡಿ, ಏನಂದರು: "ಕೊಟ್ಟವರು ಏನಂದ್ಕೊಳ್ತಾರೆ ಲೀಜಾ? ನಿಮ್ಮದು ಸಾಲದು ಅಂತ ಮುಖಕ್ಕೆ ಹೇಳಿದ ಹಾಗಾಗಲ್ವಾ? ಹೇಗೂ ನೀನಿದ್ದೀಯ. ನಡೀತಾ ಇದೆಯಲ್ಲ!" ನನಗೆ ಮೈಯೆಲ್ಲ ಉರಿದುಹೋಯಿತು. ದಾನಿಗಳ ಮುಲಾಜು ಇಟ್ಟುಕೊಂಡವರಿಗೆ ಬಾಣಂತಿಯ ಮುಲಾಜು ಬೇಡವೇ? ಲೀಜಾ ಹೊರಗೆ ಬಂದು ಮುಂದಿನ ಸುತ್ತಿಗೆ ಮೆಟ್ಟಿಲು ಹತ್ತಿದರು.

ಬರುವ ಭಾನುವಾರ ಸದಸ್ಯರ ಮಹಾಸಭೆ. ಕೊಟ್ಟವರ ಮನೆಯವರೆಲ್ಲ ಬಂದು ಕೂತಿರುತ್ತಾರೆ. ಅವರೆದುರು ಎದ್ದುನಿಂತು, ಅಂದಿನ ತಪ್ಪು ನನ್ನದು, ಈ ಯಂತ್ರಗಳು ಇಲ್ಲಿಗೆ ಸಾಲವು ಎಂದು ಹೇಳಲಿದ್ದಾರೆ. ಕೆಲಸ ಹೋದರೂ ಹೋಗಬಹುದು. ಆ ಭಯ ಅವರಿಗಿದೆ, ಮುಚ್ಚಿಡುವುದೂ ಇಲ್ಲ. ಆದರೆ ಎಲ್ಲರಿಗಿಂತ ಮೊದಲು ಹೇಳಬೇಕಾದವಳಿಗೆ ಹೇಳಿಯಾಗಿದೆ. ಕಳೆದ ವಾರ ಜೊವೆಲಿನ್ ಮನೆಗೆ ಹೋಗಿದ್ದರು.

"ಎಲ್ಲಾ ಹೇಳ್ಬಿಟ್ಟೆ. ಅವಳು, 'ನಾಂಗ್, ನನ್ನ ಮೈಯೇ ನನಗೆ ಕೈಕೊಡ್ತು ಅಂತ ಮೂರು ವರ್ಷ ನನ್ನನ್ನೇ ಬೈಕೊಂಡಿದ್ದೆ. ಇಷ್ಟು ದಿನ ಯಾಕೆ ಹೇಳ್ಲಿಲ್ಲ?' ಅಂದ್ಲು. ಸಭೇಲಿ ಎಲ್ಲರೆದುರೂ ಹೇಳ್ತೀನಿ ಅಂದೆ. ತಲೆ ಎತ್ತಕ್ಕಾಗ್ಲಿಲ್ಲ ನನಗೆ." ಲೀಜಾ ನೋಟ್‌ಬುಕ್ಕನ್ನು ಎದೆಗೊತ್ತಿ ಹಿಡಿಯುತ್ತಾರೆ. "ಭಾನುವಾರ ಬರ್ತಾಳಂತೆ. ನನ್ನ ಪಕ್ಕದಲ್ಲೇ ಕೂರ್ತಾಳಂತೆ."

ನಿಮಗೇನು ಬೇಕು ಎಂದು ಕೇಳುತ್ತೇನೆ. ಕೆಲಸ ಉಳಿಯಲಿ ಎನ್ನುತ್ತಾರೆಂದು ನನ್ನ ಎಣಿಕೆ.

"ಒಂದು ದಿನ ಬೆಳಿಗ್ಗೆ ಏಳರವರೆಗೂ ಮಲಗಿಬಿಡಬೇಕು ನಾನು," ಎನ್ನುತ್ತಾರೆ ಲೀಜಾ. "ಅವತ್ತೂ, ನಾನಿಲ್ದೇನೂ, ಹೆರಿಗೆ ಕೋಣೇಲಿ ಫೈಲು ತೆರ್ಕೋಬೇಕು."